ಭಾವಚಿತ್ರವೂ ಕೀರ್ತಿಯೂ



ಪ್ರಸಿದ್ಧರ ಛಾಯಾಚಿತ್ರಗಳನ್ನು ಕೊಂಡು ಮನೆಯಲ್ಲಿಟ್ಟುಕೊಳ್ಳುವ ಪದ್ಧತಿಯು ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಪ್ಯಾರಿಸ್ ನಗರದಿಂದ ಹರಡಿತು. ಆ ನಗರದ ಇಬ್ಬರು ಛಾಯಾಗ್ರಾಹಕರ ವೃತ್ತಾಂತವನ್ನು ಪರಿಶೀಲಿಸಿದರೆ, ಕೀರ್ತಿಯಲ್ಲಿ ಕಾಳೆಷ್ಟು, ಹೊಟ್ಟೆಷ್ಟು ಎಂಬುದು ತಕ್ಕಮಟ್ಟಿಗೆ ಗೋಚರವಾಗುತ್ತದೆ.

ಮೊದಲನೆಯವನು ದಿಸ್ದೇರಿ. ಹಿಂದಿನ ದಾಗೇರನ ವಿಧಾನದಲ್ಲಿ ಬೆಳ್ಳಿಯ ಲೇಪವುಳ್ಳ ತಾಮ್ರದ ತಗಡಿನ ಮೇಲೆ ಒಂದೇ ಚಿತ್ರ ಮೂಡುತ್ತಿದ್ದಿತು, ಅದಕ್ಕೆ ಪ್ರತಿಯಿಲ್ಲ. ದಿಸ್ದೇರಿಯು ಒಂದೇ ಗಾಜಿನ ಫಲಕದ ಮೇಲೆ ಹಲವು ಚಿತ್ರಗಳನ್ನು ಹಿಡಿಯುವ ಉಪಾಯಕ್ಕೆ 1854ರಲ್ಲಿ ಪೇಟೆಂಟು ಪಡೆದನು. ಆ ಫಲಕದಿಂದ ಕಾಗದಕ್ಕೆ ಬೇಕಾದಷ್ಟು ಪ್ರತಿಗಳನ್ನು ಇಳಿಸಿ, ಕತ್ತರಿಸಿ, ವಿಸಿಟಿಂಗ್ ಕಾರ್ಡಿನ ಗಾತ್ರದ ರಟ್ಟಿಗೆ ಅಂಟಿಸಿದರೆ ಸರಕು ಸಿದ್ಧ. ಬೆಲೆ ಇಳಿಯಿತು, ಗಿರಾಕಿ ಹೆಚ್ಚಿತು. ಚಕ್ರವರ್ತಿ ಮೂರನೆಯ ನೆಪೋಲಿಯನ್ನನೂ ರಂಗಭೂಮಿಯ ನರ್ತಕಿಯೂ ಒಂದೇ ಅಂಗಡಿಯಲ್ಲಿ ಬಿಕರಿಯಾದರು. ಒಂದೇ ಆಲ್ಬಮಿನಲ್ಲಿ ನೆರೆಹೊರೆಯಾದರು.

ಆ ಚಿತ್ರಗಳನ್ನು ನೋಡಿದವರು ಒಂದು ವಿಶೇಷವನ್ನು ಬಲ್ಲರು. ಕಂಬ, ತೆರೆ, ಕೆತ್ತನೆಯ ಕುರ್ಚಿ, ನಿಲುವಂಗಿ ಇವೆಲ್ಲ ಸ್ಪಷ್ಟ. ಮುಖ ಮಾತ್ರ ಹೆಬ್ಬೆರಳ ಉಗುರಿಗಿಂತ ದೊಡ್ಡದಲ್ಲ. ಕೊಂಡವನಿಗೆ ಬೇಕಾಗಿದ್ದದ್ದು ಹೆಸರು, ಮನುಷ್ಯನಲ್ಲ. ಹೆಸರು ಹಳತಾದರೆ ಆಲ್ಬಮಿನಿಂದ ಆ ಚಿತ್ರವನ್ನು ಕಳಚಿ ಬೇರೊಂದನ್ನು ಸೇರಿಸಬಹುದು. ಹತ್ತು ಹದಿನೈದು ವರ್ಷಗಳಲ್ಲಿ ಆ ಹುಚ್ಚೂ ಇಳಿಯಿತು. ಸಹಸ್ರಾರು ಜನರ ಮುಖಗಳನ್ನು ಮನೆಮನೆಗೆ ಮುಟ್ಟಿಸಿದ ದಿಸ್ದೇರಿಯು 1889ರಲ್ಲಿ ಬಡವನಾಗಿ ಮೃತನಾದನು.

ಎರಡನೆಯವನು ನಾದಾರ್. ಇವನೂ ವಿರಾಗಿಯೇನಲ್ಲ, ತನ್ನ ಚಿತ್ರಶಾಲೆಯ ಮುಂಭಾಗದಲ್ಲಿ ತನ್ನ ರುಜುವನ್ನು ಭಾರಿ ಅಕ್ಷರಗಳಲ್ಲಿ ಗ್ಯಾಸ್ ದೀಪದಿಂದ ಬೆಳಗಿಸಿದವನು. ಆದರೆ ಕ್ಯಾಮರಾದ ಹಿಂದೆ ನಿಂತಾಗ ಅವನ ರೀತಿಯೇ ಬೇರೆ. ಅವನ ಉತ್ತಮ ಚಿತ್ರಗಳಲ್ಲಿ ಹಿನ್ನೆಲೆ ಬರಿದು, ಬೆಳಕು ಒಂದು ಮಗ್ಗುಲಿನಿಂದ, ಆಡಂಬರ ಅತ್ಯಲ್ಪ. ನೋಡುವವನಿಗೆ ಮುಖವನ್ನು ಬಿಟ್ಟು ಬೇರೆಲ್ಲಿಯೂ ಆಶ್ರಯವಿಲ್ಲ. ಸುಮಾರು 1864ರಲ್ಲಿ ಅವನ ಮುಂದೆ ಇಪ್ಪತ್ತರ ಹರೆಯದ ನಟಿಯೊಬ್ಬಳು ಭುಜಕ್ಕೆ ಬಟ್ಟೆಯೊಂದನ್ನು ಸುತ್ತಿಕೊಂಡು ನಿಂತಳು. ಅವಳೇ ಸಾರಾ ಬೆರ್ನ್‌ಹಾರ್ಟ್. ಮುಂದೆ ಲೋಕವೆಲ್ಲ ಅವಳ ಹೆಸರನ್ನು ಕೊಂಡಾಡಿತು. ಅವಳ ಚಿತ್ರಗಳಿಗೆ ಲೆಕ್ಕವಿಲ್ಲವಾಯಿತು. ಆದರೂ ಕಲಾರಸಿಕರು ಮತ್ತೆ ಮತ್ತೆ ಹಿಂದಿರುಗುವುದು ಕೀರ್ತಿ ಇನ್ನೂ ಬಾರದಿದ್ದಾಗ ತೆಗೆದ ಆ ಮೊದಲಿನ ಚಿತ್ರಗಳಿಗೆ. ಅಲ್ಲಿರುವುದು ಪ್ರಖ್ಯಾತಿಯಲ್ಲ, ಒಬ್ಬ ತರುಣಿ.

ಇನ್ನೊಂದು ಸಂಗತಿ. ನಾದಾರನು ಬಿಟ್ಟುಹೋದ ಅದೇ ಚಿತ್ರಶಾಲೆಯಲ್ಲಿ 1874ರಲ್ಲಿ ಮೊನೆ ಮೊದಲಾದ ಚಿತ್ರಕಾರರು ತಮ್ಮ ಪ್ರದರ್ಶನವನ್ನು ಏರ್ಪಡಿಸಿದರು. ಅಂದು ಅವರಿಗೆ ದೊರೆತದ್ದು ಬಹುಮಟ್ಟಿಗೆ ಪರಿಹಾಸ್ಯ. ಗೋಡೆಯ ಮೇಲೆ ಹೆಸರು ಬೆಳಗಿದ್ದ ಮನೆಯೊಳಗೆ, ಹೆಸರಿಲ್ಲದವರ ಕೆಲಸ ಕಾದು ಕುಳಿತಿದ್ದಿತು.

ನಮ್ಮನ್ನು ಅರಿಯದವರು ನಮ್ಮ ಗುರುತು ಹಿಡಿಯುವುದೇ ಕೀರ್ತಿ. ಗುರುತು ಎಷ್ಟು ಬೆಳೆದರೂ ಅರಿವು ಅದರಿಂದ ಎಳ್ಳಷ್ಟೂ ಬೆಳೆಯಲಾರದು. ಸಹಸ್ರ ಪ್ರತಿಗಳನ್ನು ಕೂಡಿಸಿದರೂ ಒಬ್ಬ ಮಿತ್ರನಾಗುವುದಿಲ್ಲ. ಆದುದರಿಂದ ಗೋಡೆಯ ಮೇಲೆ ಮಹನೀಯರ ಪಟವನ್ನು ತೂಗುಹಾಕುವಾಗ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಇವರು ಮಾಡಿದ ಕೆಲಸವನ್ನು ನಾವು ಬಲ್ಲೆವೆ? ಬಲ್ಲೆವಾದರೆ ಪಟವು ಸ್ಮರಣೆ. ಇಲ್ಲವಾದರೆ ಅದು ಚೌಕಟ್ಟು ಮಾತ್ರ.