ಕೂಲಿಯವನಿಗೂ ಒಂದು ಕಾಲೇಜು
(ಕುಂಚಾವರಂ ಸಭೆಯಲ್ಲಿ ಮಾಡಿದ ಭಾಷಣ)



ಹಳ್ಳಿಗೆ ಕಾಲೇಜು ಬೇಕೆಂದು ನಾವು ಕೇಳಿದಾಗಲೆಲ್ಲ, ‘ಮೊದಲು ಹುಡುಗರು ಮೆಟ್ರಿಕ್ ಪಾಸಾಗಲಿ’ ಎಂಬ ಉತ್ತರ ಬರುತ್ತದೆ. ಹಾಗಾದರೆ ಶಾಲೆ ಬಿಟ್ಟು ಕೂಲಿಗೆ ಹೋದವನ ಗತಿಯೇನು? ಅಂಥವನಿಗಾಗಿಯೇ ಕಾಲೇಜು ಕಟ್ಟಿದವರಿದ್ದಾರೆ. ಅವರ ಸಂಗತಿಯನ್ನು ಇಂದು ನಿಮ್ಮ ಮುಂದಿಡುತ್ತೇವೆ.

ಯುರೋಪಿನ ಡೆನ್ಮಾರ್ಕ್ ಸಣ್ಣ ದೇಶ. ಅಲ್ಲಿ ಗ್ರುಂಟ್ವಿಗ್ ಎಂಬ ಪಾದ್ರಿಯ ವಿಚಾರದಂತೆ 1844ರಲ್ಲಿ ರೋಡಿಂಗ್ ಎಂಬ ಊರಿನಲ್ಲಿ ಮೊದಲ ಜನತಾ ಕಾಲೇಜು ತೆರೆಯಿತು. 1851ರಲ್ಲಿ ಕೋಲ್ಡ್ ಎಂಬ ಚಮ್ಮಾರನ ಮಗ ಇನ್ನೊಂದನ್ನು ತೆರೆದ. ಪರೀಕ್ಷೆಯಿಲ್ಲ, ಪ್ರಮಾಣಪತ್ರವಿಲ್ಲ. ಹೊಲದ ಕೆಲಸವಿಲ್ಲದ ಚಳಿಗಾಲದಲ್ಲಿ ರೈತರ ಮಕ್ಕಳು ಅಲ್ಲಿಯೇ ಉಳಿದು, ಗುರುಗಳೊಡನೆ ಉಂಡು, ನಾಡಿನ ಚರಿತ್ರೆ, ಭಾಷೆ, ಬೇಸಾಯ ಕಲಿತರು. ಮುಂದೆ ಧಾನ್ಯದ ಬೆಲೆ ಕುಸಿದಾಗ ಈ ರೈತರು ಸಾಹುಕಾರನ ಬಾಗಿಲಿಗೆ ಹೋಗಲಿಲ್ಲ. 1882ರಲ್ಲಿ ಮೊದಲ ಸಹಕಾರಿ ಹಾಲಿನ ಡೈರಿ ಕಟ್ಟಿದರು. ಹಸು ಎಷ್ಟಿದ್ದರೂ ಒಬ್ಬನಿಗೆ ಒಂದೇ ಮತ!

ಈ ಬೀಜ ಕನ್ನಡನಾಡಿಗೂ ಬಂತು. 1940ರ ದಶಕದ ಆರಂಭದಲ್ಲಿ ಮೈಸೂರಿನಲ್ಲಿ ವಯಸ್ಕರ ಶಿಕ್ಷಣದ ಚಳವಳಿ ಹುಟ್ಟಿತು. ಅಕ್ಷರ ಕಲಿತವನು ಓದಲು ಏನೂ ಇಲ್ಲದಿದ್ದರೆ ಮತ್ತೆ ಮರೆಯುತ್ತಾನೆ. ಆದ್ದರಿಂದ ವಯಸ್ಕರ ಶಿಕ್ಷಣ ಸಮಿತಿ ಹಳ್ಳಿಗಳಲ್ಲಿ ಪುಸ್ತಕಾಲಯ ತೆರೆಯಿತು, ‘ಬೆಳಕು’ ಎಂಬ ಪತ್ರಿಕೆ ಹೊರಡಿಸಿತು. ಅದೇ ದಶಕದ ಕೊನೆಯಲ್ಲಿ ಕಪಿಲೆಯ ದಡದ ನಂಜನಗೂಡಿನಲ್ಲಿ ಡೆನ್ಮಾರ್ಕಿನ ಮಾದರಿಯ ವಿದ್ಯಾಪೀಠವೇ ಆರಂಭವಾಯಿತು. ರೈತ ಯುವಕರು ಅಲ್ಲಿ ಕೆಲವು ತಿಂಗಳು ನೆಲೆಸಿ, ಬೇಸಾಯ, ಪಶುಪಾಲನೆ, ಕೈಕಸುಬು ಕಲಿತು ತಮ್ಮ ಊರಿಗೇ ಮರಳಬೇಕೆಂಬುದು ಅದರ ಗುರಿ. ಮುಂದೆ ಬೇರೆ ಕಡೆಗಳಲ್ಲೂ ಇಂಥ ವಿದ್ಯಾಪೀಠಗಳು ಎದ್ದವು.

ಈಗ ನಮ್ಮ ಕುಂಚಾವರಂ ಸೀಮೆ ನೋಡಿ. 2002ರಲ್ಲಿ ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಹೇಳಿತು. ಅವುಗಳಲ್ಲಿ 21 ಕಲಬುರಗಿ ವಿಭಾಗದವು, ಚಿಂಚೋಳಿಯೂ ಒಂದು. ತಾಂಡಾದ ಮಗು ಮನೆಯಲ್ಲಿ ಲಂಬಾಣಿ, ಸಂತೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುತ್ತದೆ. ಮೂರು ಭಾಷೆ ಬಲ್ಲ ಈ ಮಗುವನ್ನು ದಡ್ಡನೆನ್ನುವವರಾರು? ತೊಗರಿ ರಾಶಿ ಮುಗಿಯುತ್ತಲೇ ಜನ ಹೈದರಾಬಾದು, ಮುಂಬಯಿ, ಪುಣೆಯ ದಾರಿ ಹಿಡಿಯುತ್ತಾರೆ.

ಇಲ್ಲಿಯೇ ಮುಖ್ಯ ತೊಡಕಿದೆ. ಡೆನ್ಮಾರ್ಕಿನ ರೈತನ ಮಗನಿಗೆ ಚಳಿಗಾಲದಲ್ಲಿ ಮನೆಯಲ್ಲಿ ಕಾಳಿತ್ತು. ನಮ್ಮ ಕೂಲಿಯವನಿಗೆ ಸುಗ್ಗಿಯ ನಂತರದ ದಿನಗಳೇ ಸಂಪಾದನೆಯ ದಿನಗಳು. ಕಟ್ಟಡ ಕಟ್ಟಿ, ಹಲಗೆ ತೂಗುಹಾಕಿ, ‘ಬನ್ನಿ ಕಲಿಯಿರಿ’ ಎಂದರೆ ಅವನು ಹೇಗೆ ಬಂದಾನು? ಕಲಿಯುವ ತಿಂಗಳುಗಳಿಗೆ ಊಟ, ವಸತಿಯಷ್ಟೇ ಅಲ್ಲ, ಕಳೆದುಕೊಂಡ ಕೂಲಿಯೂ ಸಿಗಬೇಕು. ಇದು ದಾನವಲ್ಲ, ಹಕ್ಕು.

ಗಿರಣಿಯ ಸಂಗಾತಿಗಳೇ, ಇದು ಹಳ್ಳಿಯವರ ಪಾಡೆಂದು ಸುಮ್ಮನಿರಬೇಡಿ. ಲೆಕ್ಕ ಬಾರದವನನ್ನು ಗುತ್ತೇದಾರ ಅಗ್ಗದ ಕೂಲಿಗೆ ತಂದಾಗ ವಾಡಿ, ಶಹಾಬಾದಿನಲ್ಲಿ ನಿಮ್ಮ ಕೂಲಿಯೂ ಇಳಿಯುತ್ತದೆ. ಸಣ್ಣ ವ್ಯಾಪಾರಿ ಮಿತ್ರರೇ, ಊರು ಬರಿದಾದರೆ ನಿಮ್ಮ ಅಂಗಡಿಗೆ ಬರುವವರಾರು?

ಆದ್ದರಿಂದ ನಾವು ಕೇಳುವುದಿಷ್ಟೇ: ಕುಂಚಾವರಂನಲ್ಲಿ ವಿದ್ಯಾಪೀಠ, ಗಂಡಸರಿಗೂ ಹೆಂಗಸರಿಗೂ ಸಮನಾದ ಪ್ರವೇಶ, ಕಲಿಯುವವರಿಗೆ ಕೂಲಿಯಷ್ಟು ವೇತನ. ಈ ಮೂರನ್ನೂ ಕೂಡಿಯೇ ಕೇಳೋಣ. ಒಂದನ್ನು ಬಿಟ್ಟರೆ ಉಳಿದೆರಡೂ ನಿಲ್ಲಲಾರವು.