ವಾರದ ಒಂದು ದಿನ ಮತ್ತು ಪುಣೆಯ ಬೆಟ್ಟಗಳು

(ನಮ್ಮ ಸಂಘದ ಪುಣೆಯ ಮಾಸಿಕ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಮಾಡಿದ ಭಾಷಣ)



ಭಾಷಣ ಮಾಡಿ ನನಗೆ ರೂಢಿಯಿಲ್ಲ. ಕಾರ್ಯದರ್ಶಿಗಳು ಬಿಡಲಿಲ್ಲವಾದ್ದರಿಂದ ನಿಂತಿದ್ದೇನೆ. ಪಗಾರ, ಬೋನಸ್ಸು, ಪ್ರಾವಿಡೆಂಟ್ ಫಂಡು ಇವುಗಳ ಮಾತನ್ನು ಬಿಟ್ಟು ಈ ಮುದುಕ ಬೆಟ್ಟ ಹತ್ತುವ ಮಾತನ್ನು ಎತ್ತಿದನಲ್ಲ ಎಂದು ನೀವು ನಗಬಹುದು. ನಗಿರಿ, ಅಡ್ಡಿಯಿಲ್ಲ. ಆದರೆ ಕೊನೆಯವರೆಗೆ ಕೇಳಬೇಕೆಂದು ನನ್ನ ಅರಿಕೆ.

ನಾನು ಈ ಪುಣೆಗೆ ಬಂದದ್ದು 1964ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ. ಮೊದಲು ಮೋರಿಯಲ್ಲಿ ಕಪ್ಪು-ಬಸಿ ತೊಳೆದೆ. ಆಮೇಲೆ ಟೇಬಲ್ ಒರಸಿದೆ. ಆಮೇಲೆ ಸಪ್ಲೈಯರ್ ಆದೆ. ಬಹಳ ವರ್ಷಗಳ ಮೇಲೆ ಗಲ್ಲೆಯಲ್ಲಿ ಕುಳಿತೆ. ನಾವು ಹನ್ನೊಂದು ಜನ ಹೋಟೆಲಿನ ಮೇಲಿನ ಮಾಳಿಗೆಯಲ್ಲಿ ಮಲಗುತ್ತಿದ್ದೆವು. ಅಲ್ಲಿಂದ ನೈರುತ್ಯಕ್ಕೆ ನೋಡಿದರೆ, ಆಕಾಶ ತಿಳಿಯಾಗಿದ್ದ ದಿನ, ಸಿಂಹಗಡ ಕಾಣುತ್ತಿತ್ತು. ನನ್ನ ಪಕ್ಕದಲ್ಲಿ ಚಾಪೆ ಹಾಸುತ್ತಿದ್ದವನು ಕುಂದಾಪುರದ ಕಡೆಯವನು, ನನಗಿಂತ ಆರು ವರ್ಷ ದೊಡ್ಡವನು. ನಾನು ಅವನನ್ನು ಅಣ್ಣ ಎಂದೇ ಕರೆಯುತ್ತಿದ್ದೆ. "ಮುಂದಿನ ವಾರ ಅಲ್ಲಿಗೆ ಹೋಗುವ, ಆಯ್ತಾ?" ಎಂದು ಅವನು ಹೇಳುತ್ತಿದ್ದ. ಆ ಮುಂದಿನ ವಾರ ಬರಲೇ ಇಲ್ಲ. ತಂಗಿಯ ಮದುವೆಗೆ ಹಣ ಕೂಡಿಸಬೇಕಾಗಿತ್ತು. ರಜೆಯ ದಿನವೂ ಕೆಲಸಕ್ಕೆ ನಿಂತರೆ ಕೈಗೆ ಎರಡು ರೂಪಾಯಿ ಹೆಚ್ಚು ಸಿಗುತ್ತಿತ್ತು. ಹೀಗೆ ಅವನು ಏಳು ವರ್ಷ ತನ್ನ ರಜೆಗಳನ್ನೆಲ್ಲ ಮಾರಿದ. ತಂಗಿಯ ಮದುವೆಯೇನೋ ಆಯಿತು. ಅವನಿಗೆ ಕೆಮ್ಮು ಹತ್ತಿತು, ಕ್ಷಯವೆಂದರು, 1971ರಲ್ಲಿ ಹೋಗಿಬಿಟ್ಟ. ರಜೆ ತೆಗೆದುಕೊಂಡಿದ್ದರೆ ಬದುಕುತ್ತಿದ್ದ ಎಂದು ನಾನು ಹೇಳುವುದಿಲ್ಲ. ಅದನ್ನು ವೈದ್ಯರು ಹೇಳಬೇಕು. ಆದರೆ ದಿನವೂ ಕಣ್ಣಿಗೆ ಕಾಣುತ್ತಿದ್ದ ಬೆಟ್ಟವೊಂದನ್ನು ಒಂದು ಸಲವೂ ಹತ್ತದೆ ಹೋದನಲ್ಲ, ಆ ದುಃಖ ನನಗೆ ಇಂದಿಗೂ ಇದೆ.

ಬಂಧುಗಳೇ, ವಾರದ ರಜೆ ಎಂಬುದು ಧಣಿಗಳು ಕೊಟ್ಟ ಬಕ್ಷೀಸಲ್ಲ. ಮುಂಬಯಿಯ ಮಿಲ್ಲುಗಳಲ್ಲಿ ಹಿಂದೆ ಬೆಳಗಿನಿಂದ ಕತ್ತಲಾಗುವವರೆಗೆ ದುಡಿತ. ವಾರಕ್ಕೊಂದು ದಿನದ ಬಿಡುವೆಂಬ ಕಟ್ಟಳೆ ಇರಲಿಲ್ಲ. ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಕಾರ್ಮಿಕರ ಸಭೆ ಕೂಡಿಸಿ, ಸಾವಿರಾರು ಜನರ ರುಜು ಹಾಕಿಸಿ, ಭಾನುವಾರದ ರಜೆ ಕೇಳಿದರು. ಆರು ವರ್ಷ ಕಾದ ಮೇಲೆ, 1890ರ ಜೂನ್ 10ರಂದು ಮಿಲ್ಲು ಮಾಲಿಕರು ಅದಕ್ಕೆ ಒಪ್ಪಿದರು. ಹೋಟೆಲಿನವರಾದ ನಮ್ಮ ಪಾಲಿಗೆ ಅದು ಇನ್ನೂ ತಡವಾಗಿ ಬಂತು. 1948ರ ಮುಂಬಯಿ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯಲ್ಲಿ ನಮಗೂ ವಾರಕ್ಕೊಂದು ರಜೆ ಬರೆದರು. ಅದರ ಬದಲಿಗೆ ಬಂದ 2017ರ ಮಹಾರಾಷ್ಟ್ರದ ಕಾಯ್ದೆಯಲ್ಲಿಯೂ ಆ ರಜೆ ಉಳಿದಿದೆ. ಇಷ್ಟು ಜನ ಹೋರಾಡಿ ತಂದ ಒಂದು ದಿನವನ್ನು ನಾವು ಏನು ಮಾಡುತ್ತೇವೆ? ಅರ್ಧ ದಿನ ನಿದ್ದೆ, ಉಳಿದದ್ದು ಇಸ್ಪೀಟು. ಈಗ ಇಸ್ಪೀಟಿನ ಬದಲು ಮೊಬೈಲು. ಕೆಲವರಿಗೆ ಗುತ್ತೆ ಬೇರೆ. ಸೋಮವಾರ ಮತ್ತೆ ಭಟ್ಟಿಯ ಮುಂದೆ ನಿಂತಾಗ ರಜೆ ಇತ್ತೆಂಬ ನೆನಪೇ ಇರುವುದಿಲ್ಲ.

ಪುಣೆಯಲ್ಲಿರುವವರು ಈ ವಿಷಯದಲ್ಲಿ ಪುಣ್ಯವಂತರು. ಸಹ್ಯಾದ್ರಿಯ ಮಗ್ಗುಲಲ್ಲಿ ಈ ಊರು ಕುಳಿತಿದೆ. ನಿಮ್ಮಲ್ಲಿ ಹಲವರು ಉಡುಪಿ, ಕುಂದಾಪುರ, ಕಾರ್ಕಳದ ಕಡೆಯವರು. ನಿಮ್ಮ ಮನೆಯ ಹಿಂದಿರುವ ಘಟ್ಟವೇ ಇದು, ಬೇರೆಯದಲ್ಲ. ತಾಪಿ ನದಿಯ ಬಳಿ ಹೊರಟು ಕನ್ಯಾಕುಮಾರಿಯ ಕಡೆಗೆ ಸುಮಾರು 1600 ಕಿಲೋಮೀಟರ್ ಹೋಗುವ ಒಂದೇ ಸಾಲು. ಭೇದ ಇಷ್ಟೇ: ಊರಿನಲ್ಲಿ ಸೂರ್ಯ ಘಟ್ಟದ ಮೇಲೆ ಹುಟ್ಟುತ್ತಾನೆ, ಇಲ್ಲಿ ಘಟ್ಟದ ಹಿಂದೆ ಮುಳುಗುತ್ತಾನೆ. ಕಡಲಿನ ಮೋಡ ಅಲ್ಲಿ ಆಗುಂಬೆಯಲ್ಲಿ ಸುರಿದುಹೋಗುವ ಹಾಗೆ ಇಲ್ಲಿ ಲೋಣಾವಳೆಯಲ್ಲಿ ಸುರಿದುಹೋಗುತ್ತದೆ. ಲೋಣಾವಳೆಗೆ ವರ್ಷಕ್ಕೆ 4000 ಮಿಲಿಮೀಟರಿಗಿಂತ ಹೆಚ್ಚು ಮಳೆಯಾದರೆ, ಅರವತ್ತು-ಎಪ್ಪತ್ತು ಕಿಲೋಮೀಟರ್ ಈಚೆಗಿರುವ ಪುಣೆಗೆ ಸುಮಾರು 700 ಮಾತ್ರ.

ಇನ್ನು ಎಲ್ಲಿಗೆ ಹೋಗಬೇಕು ಎಂಬುದನ್ನು ಹೇಳುತ್ತೇನೆ.

ಎರಡು ತಾಸು ಮಾತ್ರ ಬಿಡುವಿದ್ದರೆ ಪರ್ವತಿಗೆ ಹೋಗಿ. ಖರ್ಚೇನೂ ಇಲ್ಲ, ನೂರಮೂರು ಮೆಟ್ಟಿಲು. ನಾನಾಸಾಹೇಬ ಪೇಶವೆ ಕಟ್ಟಿಸಿದ ದೇವಾಲಯ ಮೇಲಿದೆ. ಪಾಣಿಪತದ ಸೋಲಿನ ಸುದ್ದಿ ಕೇಳಿ ಕುಗ್ಗಿದ ಅವನು 1761ರಲ್ಲಿ ತೀರಿಕೊಂಡದ್ದೂ ಅಲ್ಲಿಯೇ. ಇನ್ನೊಂದು ಮಾತನ್ನೂ ನೆನಪಿಡಿ. ಅಸ್ಪೃಶ್ಯರೆನಿಸಿಕೊಂಡವರಿಗೆ ಆ ದೇವಾಲಯದ ಬಾಗಿಲು ಮುಚ್ಚಿತ್ತು. 1929ರಲ್ಲಿ ಅವರು ಸತ್ಯಾಗ್ರಹ ಹೂಡಿ ಏಟು ತಿಂದರು. ಇಂದು ನಾವೆಲ್ಲ ಜಾತಿ ಕೇಳಿಸಿಕೊಳ್ಳದೆ ಹತ್ತುವ ಮೆಟ್ಟಿಲುಗಳಿಗೂ ಯಾರೋ ಬೆಲೆ ತೆತ್ತಿದ್ದಾರೆ. ಬೆಳಗಿನ ಹೊತ್ತು ನಡೆಯಬೇಕೆನ್ನುವವರಿಗೆ ವೇತಾಳ ಟೇಕಡಿ ಇದೆ, ಹನುಮಾನ್ ಟೇಕಡಿ ಇದೆ. ಊರೊಳಗೇ ಇರುವ ಈ ಗುಡ್ಡಗಳಲ್ಲಿ ನವಿಲಿನ ಕೂಗು ಕೇಳಬಹುದು.

ಇಡೀ ದಿನ ಸಿಕ್ಕಿದರೆ ಸಿಂಹಗಡ. ಸ್ವಾರ್‌ಗೇಟಿನಿಂದ ಬುಡದವರೆಗೆ ಸಿಟಿ ಬಸ್ಸು ಹೋಗುತ್ತದೆ. ದಾರಿಯಲ್ಲಿ ಖಡಕವಾಸ್ಲಾ ಕೆರೆ. 1961ರ ಜುಲೈ 12ರಂದು ಮೇಲಿನ ಪಾನಶೇತ್ ಅಣೆಕಟ್ಟು ಒಡೆದು, ಅದರ ನೀರಿಗೆ ಖಡಕವಾಸ್ಲಾದ ಕಟ್ಟೆಯೂ ಒಡೆದು, ಪುಣೆಯ ಹಲವು ಪೇಠೆಗಳು ಮುಳುಗಿದ್ದವು. ನಾನು ಬಂದಾಗಲೂ ಹಳೆಯ ಗೋಡೆಗಳ ಮೇಲೆ ಆ ನೀರಿನ ಗೆರೆ ಇತ್ತು. ಅಲ್ಲಿಂದ ಮುಂದೆ ಆತಕರವಾಡಿಯಲ್ಲಿ ಇಳಿದು ಕಾಲುದಾರಿ ಹಿಡಿಯಬೇಕು. ಒಂದೂವರೆ ತಾಸಿನ ಏರು. ಪುಣೆಯ ನೆಲ ಸಮುದ್ರಕ್ಕಿಂತ 560 ಮೀಟರ್ ಎತ್ತರವಾದರೆ ಗಡದ ತಲೆ 1300 ಮೀಟರ್. ದಿನಕ್ಕೆ ಹನ್ನೆರಡು ತಾಸು ನಿಲ್ಲುವ ಕಾಲು ನಮ್ಮದು, ಏರಿಗೆ ಹೆದರಬೇಕಾಗಿಲ್ಲ.

1670ರ ಫೆಬ್ರವರಿ 4ರ ರಾತ್ರಿ ತಾನಾಜಿ ಮಾಲುಸರೆ ಈ ಕೋಟೆಯನ್ನು ಗೆದ್ದು ಪ್ರಾಣ ಬಿಟ್ಟ ಕಥೆ ನಿಮಗೆಲ್ಲ ಗೊತ್ತು. ಗೊತ್ತಿಲ್ಲದ ಒಂದು ಸಂಗತಿ ಹೇಳುತ್ತೇನೆ. ಶಿವಾಜಿ ಮಹಾರಾಜರ ಕಿರಿಯ ಮಗ ರಾಜಾರಾಮನ ಸಮಾಧಿ ಅಲ್ಲಿದೆ. ಅವನು 1700ರಲ್ಲಿ ತೀರಿಕೊಂಡದ್ದು ಸಿಂಹಗಡದಲ್ಲಿ. ಅದಕ್ಕೆ ಹನ್ನೊಂದು ವರ್ಷ ಮೊದಲು ಔರಂಗಜೇಬನ ಸೈನ್ಯ ಬೆನ್ನು ಹತ್ತಿದಾಗ, ವೇಷ ಮರೆಸಿಕೊಂಡು ಜಿಂಜಿಯ ಕಡೆಗೆ ಓಡುತ್ತಿದ್ದ ಈ ರಾಜಾರಾಮನಿಗೆ ಆಶ್ರಯ ಕೊಟ್ಟು ದಾಟಿಸಿದವಳು ನಮ್ಮ ಕೆಳದಿಯ ರಾಣಿ ಚೆನ್ನಮ್ಮಾಜಿ. ಅದಕ್ಕಾಗಿ ಅವಳು ಮೊಗಲರೊಡನೆ ಕಾದಬೇಕಾಯಿತು. ಇಲ್ಲಿ ಯಾರಾದರೂ "ನೀವು ಹೊರಗಿನವರು" ಎಂದರೆ ಜಗಳ ಮಾಡಬೇಡಿ. ಅವರನ್ನು ಕರೆದುಕೊಂಡು ಸಿಂಹಗಡಕ್ಕೆ ಹೋಗಿ, ಆ ಸಮಾಧಿಯ ಮುಂದೆ ಕುಳಿತು ಈ ಕಥೆ ಹೇಳಿ.

ಮೇಲೆ ಹಳ್ಳಿಯ ಹೆಂಗಸರು ಪಿಠಲೆ-ಭಾಕರಿ ಬಡಿಸುತ್ತಾರೆ. ಪುಟ್ಟ ಮಣ್ಣಿನ ಮಡಕೆಯಲ್ಲಿ ಗಟ್ಟಿ ಮೊಸರು ಕೊಡುತ್ತಾರೆ. ಆ ಒಂದು ದಿನ ನಾವು ಕುಳಿತು ಉಣ್ಣುವವರು, ಇನ್ನೊಬ್ಬರು ಬಡಿಸುವವರು. ಆ ತಾಯಂದಿರೂ ನಮ್ಮ ವೃತ್ತಿಯವರೇ. ಗಿರಾಕಿಗಳು ನಮ್ಮನ್ನು "ಏ ಪೋರ" ಎಂದು ಕೂಗಿದಾಗ ನಮಗೆ ಹೇಗಾಗುತ್ತದೋ ನೆನಪಿರಲಿ.

ಮೂರನೆಯದು ಕಾರ್ಲೆ ಮತ್ತು ಭಾಜೆ. ಲೋಣಾವಳೆಯ ಲೋಕಲ್ ಹಿಡಿದು ಮಳವಲಿ ಸ್ಟೇಶನ್ನಿನಲ್ಲಿ ಇಳಿಯಿರಿ. ಒಂದು ಕಡೆ ಭಾಜೆಯ ಗುಹೆಗಳು, ಅವುಗಳ ಮೇಲ್ಗಡೆ ಲೋಹಗಡ, ವಿಸಾಪುರ ಕೋಟೆಗಳು. ಇನ್ನೊಂದು ಕಡೆ ಕಾರ್ಲೆ. ಮುಂಬಯಿಯಿಂದ ಬರುವ ನಮ್ಮವರಿಗೂ ಇದು ಒಂದು ದಿನದ ಹಾದಿ. ಕಾರ್ಲೆಯ ಬೌದ್ಧ ಚೈತ್ಯಮಂದಿರ ಸುಮಾರು 1900 ವರ್ಷಗಳ ಹಿಂದಿನದು. ನೂರಿಪ್ಪತ್ತು ಅಡಿಗಿಂತ ಉದ್ದದ ಮಂದಿರ, ಎಲ್ಲವೂ ಒಂದೇ ಬೆಟ್ಟವನ್ನು ಕೊರೆದು ಮಾಡಿದ್ದು. ಛಾವಣಿಗೆ ಕೂಡಿಸಿದ ಮರದ ಪಕ್ಕೆಗಳು ಇಂದಿಗೂ ಹಾಗೆಯೇ ಇವೆ. ಬಾಗಿಲಲ್ಲಿ ಕೋಳಿ ಜನರ ದೇವತೆ ಏಕವೀರೆಯ ಗುಡಿ.

ಆ ಮಂದಿರದ ಗೋಡೆಯ ಮೇಲೆ ಶಾಸನವಿದೆ. ಇದನ್ನು ಮಾಡಿಸಿದವನು ವೈಜಯಂತಿಯಿಂದ ಬಂದ ಭೂತಪಾಲನೆಂಬ ಸೆಟ್ಟಿ ಎಂದು ಅದರಲ್ಲಿ ಬರೆದಿದೆ. ವೈಜಯಂತಿಯೆಂದರೆ ನಮ್ಮ ಶಿರಸಿಯ ಬಳಿಯ ಬನವಾಸಿ ಎಂದು ವಿದ್ವಾಂಸರು ಹೇಳುತ್ತಾರೆ. ನೋಡಿ, ಹೊಟ್ಟೆಪಾಡಿಗೆ ಘಟ್ಟದ ಹಾದಿ ಹಿಡಿದು ಈ ಸೀಮೆಗೆ ಬಂದವರಲ್ಲಿ ನಾವೇ ಮೊದಲಿಗರಲ್ಲ! ಅದಕ್ಕಿಂತ ನನಗೆ ಹೆಚ್ಚು ಹಿಡಿಸಿದ್ದು ಬೇರೆ. ಸೆಟ್ಟಿಯ ಹೆಸರಿನ ಜೊತೆಗೆ, ಬಾಗಿಲನ್ನು ಮಾಡಿದ ಸಾಮಿ ಎಂಬ ಬಡಗಿಯ ಹೆಸರನ್ನೂ ಅಲ್ಲಿ ಕೊರೆದಿದ್ದಾರೆ. ನಾವು ಕಟ್ಟಿ ಬೆಳೆಸಿದ ಹೋಟೆಲುಗಳ ಬೋರ್ಡಿನ ಮೇಲೆ ಯಾವ ಭಟ್ಟಿಯವನ ಹೆಸರಿದೆ, ಹೇಳಿ?

ಈಗ ಒಂದು ಎಚ್ಚರಿಕೆ. ಮಳೆಗಾಲದಲ್ಲಿ ಘಟ್ಟ ಬಲು ಚೆಲುವು, ಅಷ್ಟೇ ಅಪಾಯ. 2024ರ ಜೂನ್ 30ರಂದು ಲೋಣಾವಳೆಯ ಭುಶಿ ಅಣೆಕಟ್ಟಿನ ಬಳಿಯ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು. 2025ರ ಜೂನ್ 15ರಂದು ಕುಂಡಮಳಾದಲ್ಲಿ ಇಂದ್ರಾಯಣಿಯ ಮೇಲಿನ ಹಳೆಯ ಕಬ್ಬಿಣದ ಸೇತುವೆ ಜನರ ಭಾರಕ್ಕೆ ಕುಸಿದು ನಾಲ್ವರು ಸತ್ತರು. ಮೇಲೆ ಮಳೆಯಾದರೆ ಕೆಳಗಿನ ಹಳ್ಳ ನಿಮಿಷದಲ್ಲಿ ಉಕ್ಕುತ್ತದೆ. ಊರಿನ ಹೊಳೆಯಲ್ಲಿ ಈಜಿದವನೆಂಬ ಜಂಬ ಬೇಡ. ನೀರಿಗಿಳಿಯಬೇಡಿ, ಒಬ್ಬೊಬ್ಬರೇ ಹೋಗಬೇಡಿ, ಕುಡಿದು ಹೋಗಬೇಡಿ.

ಕೊನೆಯದಾಗಿ ಸಂಘದ ಮುಂದೆ ನನ್ನ ಸೂಚನೆ. ಊರಿಗೆಲ್ಲ ರಜೆಯಿರುವ ಭಾನುವಾರ ಹೋಟೆಲಿನವನಿಗೆ ಎರಡರಷ್ಟು ಕೆಲಸ. ಆದ್ದರಿಂದ ಹೋಟೆಲಿನ ಹುಡುಗರಿಗಾಗಿ ತಿಂಗಳಿಗೊಂದು ಮಂಗಳವಾರ ಅಥವಾ ಬುಧವಾರ ವಿಹಾರವನ್ನು ಇಟ್ಟುಕೊಳ್ಳಬೇಕು. ಒಂದೊಂದು ಹೋಟೆಲಿನಿಂದ ಇಬ್ಬರು ಬಂದರೆ ಸಾಕು, ಧಣಿಗಳ ವ್ಯವಹಾರಕ್ಕೂ ತೊಡಕಾಗುವುದಿಲ್ಲ. ರಜೆ ಬಿಡದ ಕಡೆ ಕಾರ್ಯದರ್ಶಿಗಳು ಸ್ವತಃ ಹೋಗಿ ಮಾತನಾಡಲಿ. ಕಾಯ್ದೆಯನ್ನು ಕೊನೆಗೆ ತೆಗೆದರಾಯಿತು, ಮೊದಲು ಮರ್ಯಾದೆಯ ಮಾತು ಸಾಕು. ಬಸ್ಸು-ರೈಲಿನ ಖರ್ಚಿಗೆ ಚಿಕ್ಕ ವರ್ಗಣಿ ಕೂಡಿಸೋಣ. ಹೊಸದಾಗಿ ಊರಿನಿಂದ ಬಂದ ಹುಡುಗನಿಗೆ ಮೊದಲ ಸಲದ ಖರ್ಚು ಸಂಘದ್ದಾಗಲಿ. ಆ ಖರ್ಚಿಗೆಂದು ನನ್ನ ಪಾಲಿನ ಐನೂರು ರೂಪಾಯಿಗಳನ್ನು ಈಗಲೇ ಅಧ್ಯಕ್ಷರ ಕೈಯಲ್ಲಿ ಇಡುತ್ತಿದ್ದೇನೆ.

1971ರಲ್ಲಿ ಅಣ್ಣ ಹೋದ ತಿಂಗಳಲ್ಲೇ ನಾನು ಮೊದಲ ಸಲ ಸಿಂಹಗಡ ಹತ್ತಿದೆ. ಮೇಲೆ ನಿಂತು ನಮ್ಮ ಮಾಳಿಗೆ ಎಲ್ಲಿದೆಯೆಂದು ಹುಡುಕಿದೆ. ಅಷ್ಟು ದೂರದಿಂದ ಅದು ಕಾಣಲಿಲ್ಲ. ತಮ್ಮಂದಿರೇ, ನಾನು ಬೇಡುವುದು ಇಷ್ಟೇ: ಮುಂದಿನ ವಾರ ಎನ್ನಬೇಡಿ. ಈ ವಾರವೇ ಹೊರಡಿ.