ಹಬ್ಬಕ್ಕೊಂದು ಕಥೆ, ಜಾತ್ರೆಗೊಂದು ನಾಟಕ

(ಉಪನ್ಯಾಸವೊಂದರ ಬರಹರೂಪ)



ಮಧುಗಿರಿ ತಾಲ್ಲೂಕಿನ ಪುರವರ ಹೋಬಳಿಯಿರಲಿ, ಅತ್ತ ಶಿರಾ, ಕೊರಟಗೆರೆ, ಪಾವಗಡಗಳ ಹಳ್ಳಿಗಳಿರಲಿ, ಜಾತ್ರೆಯ ಕಾಲ ಹತ್ತಿರವಾದಂತೆ ಊರಿಗೆ ಹಾರ್ಮೋನಿಯಂ ಮೇಷ್ಟ್ರು ಬರುವುದು ವಾಡಿಕೆ. ತಿಂಗಳುಗಟ್ಟಲೆ ತಾಲೀಮು ನಡೆಯುತ್ತದೆ. ಪಾತ್ರ ವಹಿಸುವವರೇ ತಮ್ಮ ಪಾತ್ರಕ್ಕೆ ತಕ್ಕಂತೆ ಹಣ ಹಾಕುತ್ತಾರೆ. ಸೀನರಿ ಬಾಡಿಗೆಗೆ ಬರುತ್ತದೆ, ಸ್ತ್ರೀಪಾತ್ರಕ್ಕೆ ಪಟ್ಟಣದಿಂದ ಕಲಾವಿದೆಯರು ಬರುತ್ತಾರೆ. ರಾತ್ರಿ ಶುರುವಾದ ‘ಕುರುಕ್ಷೇತ್ರ’ ಬೆಳಗಿನ ಜಾವಕ್ಕೆ ಮುಗಿಯುತ್ತದೆ. ನೋಡಲು ಕುಳಿತವರಲ್ಲಿ ದುರ್ಯೋಧನ ಸೋಲುತ್ತಾನೆಂಬುದು ಗೊತ್ತಿಲ್ಲದವರು ಒಬ್ಬರೂ ಇಲ್ಲ. ಆದರೂ ಕಂಬಳಿ ಹೊದ್ದು ಇಡೀ ರಾತ್ರಿ ಕುಳಿತಿರುತ್ತಾರೆ. ಕೊನೆ ಮೊದಲೇ ಗೊತ್ತಿರುವ ಕಥೆಯನ್ನು ಜನ ಮತ್ತೆ ಮತ್ತೆ ಏಕೆ ನೋಡುತ್ತಾರೆ? ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಜನಪ್ರಿಯ ಕಲೆಯ ಗುಣವೂ ದೋಷವೂ ಒಟ್ಟಿಗೇ ಕೈಗೆ ಸಿಕ್ಕಂತೆ.

ಇದೇ ಪ್ರಶ್ನೆ ದೂರದ ಅಮೆರಿಕದಲ್ಲೂ ಇದೆ. ಅಲ್ಲಿ ಪ್ರತಿವರ್ಷ ಕ್ರಿಸ್‌ಮಸ್ಸಿಗೆ ಎರಡು ತಿಂಗಳು ಮೊದಲೇ ಟೆಲಿವಿಷನ್ನಿನಲ್ಲಿ ಪ್ರೇಮಕಥೆಗಳ ಸುಗ್ಗಿ ಆರಂಭವಾಗುತ್ತದೆ. ಇದರಲ್ಲಿ ಹೆಸರಾದದ್ದು ಹಾಲ್‌ಮಾರ್ಕ್ ಚಾನೆಲ್. 1910ರಲ್ಲಿ ಹುಟ್ಟಿಕೊಂಡ ಶುಭಾಶಯ ಪತ್ರಗಳ ಕಂಪನಿಯೊಂದು ಈ ವಾಹಿನಿಯ ಹಿಂದಿದೆ. 2009ರಿಂದ ಅದು ಕ್ರಿಸ್‌ಮಸ್ ಚಿತ್ರಗಳಿಗೆಂದೇ ಒಂದು ಋತುವನ್ನು ನಿಗದಿಮಾಡಿತು. 2019ರ ವೇಳೆಗೆ ಅಂಥ ಹೊಸ ಚಿತ್ರಗಳ ಸಂಖ್ಯೆ ವರ್ಷಕ್ಕೆ ಸುಮಾರು 40ಕ್ಕೆ ಏರಿತ್ತು. ಒಂದೊಂದರ ಚಿತ್ರೀಕರಣ ಎರಡು ವಾರಗಳ ಆಸುಪಾಸಿನಲ್ಲಿ ಮುಗಿಯುತ್ತದೆ. ಬಹಳಷ್ಟು ಚಿತ್ರಗಳು ತಯಾರಾಗುವುದು ಕೆನಡಾದಲ್ಲಿ, ಅದೂ ಎಷ್ಟೋ ವೇಳೆ ಬೇಸಿಗೆಯಲ್ಲಿ. ಹಿಮ ಕೃತಕ, ನಟರು ಉಣ್ಣೆಯ ಕೋಟಿನೊಳಗೆ ಬೆವರುತ್ತಿರುತ್ತಾರೆ.

ಕಥೆಯ ಅಚ್ಚು ಹೀಗಿದೆ. ಮಹಾನಗರದಲ್ಲಿ ದೊಡ್ಡ ಕೆಲಸದಲ್ಲಿರುವ ಹೆಣ್ಣೊಬ್ಬಳು ಹಬ್ಬಕ್ಕೆಂದು ಹುಟ್ಟೂರಿಗೆ ಬರುತ್ತಾಳೆ. ಊರಿನ ಹಳೆಯ ಹೋಟೆಲೋ ಬೇಕರಿಯೋ ಮುಚ್ಚುವ ಸ್ಥಿತಿಯಲ್ಲಿರುತ್ತದೆ. ಅದನ್ನು ನಡೆಸುವ, ಇಲ್ಲವೇ ಅದನ್ನು ಕೊಳ್ಳಲು ಬಂದ ಗಂಡಿನೊಂದಿಗೆ ಮೊದಲು ಜಗಳ, ಆಮೇಲೆ ಸ್ನೇಹ, ನಡುವೆ ಒಂದು ತಪ್ಪು ತಿಳಿವಳಿಕೆ. ಕೊನೆಯ ನಿಮಿಷದಲ್ಲಿ ಎಲ್ಲ ಸರಿಹೋಗಿ ಪ್ರೇಮಿಗಳು ಒಂದಾಗುವ ಹೊತ್ತಿಗೆ ಹಿಮ ಬೀಳಲೇಬೇಕು. ವಿಮರ್ಶಕರು ನಗುತ್ತಾರೆ, ಜನ ನೋಡುತ್ತಾರೆ.

ಕನ್ನಡನಾಡಿನವರಿಗೆ ಇದು ಹೊಸತೇನಲ್ಲ. ಹಿಮದ ಜಾಗದಲ್ಲಿ ಜಾತ್ರೆಯ ಧೂಳನ್ನು ಇಟ್ಟರೆ ಅದು ನಮ್ಮ ಕಂಪನಿ ನಾಟಕವೇ. ಬಾದಾಮಿಯ ಬಳಿಯ ಬನಶಂಕರಿ ಜಾತ್ರೆ ಬನದ ಹುಣ್ಣಿಮೆಗೆ ಶುರುವಾಯಿತೆಂದರೆ ಅಲ್ಲಿ ವಾರಗಟ್ಟಲೆ ಹಲವಾರು ನಾಟಕ ಕಂಪನಿಗಳು ಅಕ್ಕಪಕ್ಕದಲ್ಲೇ ಡೇರೆ ಹಾಕುತ್ತವೆ. ದಿನಕ್ಕೆ ಒಂದಲ್ಲ, ಮೂರು ನಾಲ್ಕು ಪ್ರಯೋಗಗಳು. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲೂ ಹೀಗೆಯೇ. ಜಾತ್ರೆಯ ಗಳಿಕೆಯೇ ವರ್ಷದ ಉಳಿದ ತಿಂಗಳುಗಳಿಗೆ ಆಧಾರ. ಅಮೆರಿಕದ ವಾಹಿನಿಗೆ ಡಿಸೆಂಬರ್ ಹೇಗೋ, ನಮ್ಮ ಕಂಪನಿಗೆ ಜಾತ್ರೆ ಹಾಗೆ. ಎರಡೂ ಕಡೆ ಹಬ್ಬಕ್ಕೂ ಪ್ರೇಮಕಥೆಗೂ ಗಂಟು ಬಿದ್ದದ್ದು ಬರೀ ಭಕ್ತಿಯಿಂದಲ್ಲ, ಹೊಟ್ಟೆಪಾಡಿನಿಂದಲೂ ಹೌದು.

ಈ ಬಗೆಯ ನಾಟಕದ ಗುಣವನ್ನು ಅರಿಯಬೇಕಾದರೆ ತುಮಕೂರು ಜಿಲ್ಲೆಯವರು ದೂರ ಹೋಗಬೇಕಿಲ್ಲ. 1884ರಲ್ಲಿ ಗುಬ್ಬಿಯಲ್ಲಿ ಸ್ಥಾಪನೆಯಾದ ಶ್ರೀ ಚನ್ನಬಸವೇಶ್ವರ ನಾಟಕ ಸಂಘವನ್ನು ಗುಬ್ಬಿ ವೀರಣ್ಣನವರು ನಾಡಿನ ಅತಿ ದೊಡ್ಡ ಕಂಪನಿಯಾಗಿ ಬೆಳೆಸಿದರು. ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ, ಕುದುರೆಗಳನ್ನು ರಂಗಕ್ಕೆ ತಂದದ್ದು ಈ ಕಂಪನಿಯೇ. ಆದರೆ ವೀರಣ್ಣನವರ ಹೆಸರನ್ನು ಮನೆಮಾತಾಗಿಸಿದ್ದು ಆನೆಯಲ್ಲ, ‘ಸದಾರಮೆ’ಯ ಕಳ್ಳನ ಪಾತ್ರ. ನಾಟಕವನ್ನು ಬರೆದ ಬೆಳ್ಳಾವೆ ನರಹರಿ ಶಾಸ್ತ್ರಿಗಳೂ ಇದೇ ಜಿಲ್ಲೆಯವರು. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ಕ್ಕೆ ಸಾಹಿತ್ಯ ಒದಗಿಸಿದವರೂ ಅವರೇ.

‘ಸದಾರಮೆ’ ಏನು? ಅಚ್ಚಿಗೆ ತಕ್ಕ ಪ್ರೇಮಕಥೆ. ರಾಜಕುಮಾರನನ್ನು ಮದುವೆಯಾದ ಹೆಣ್ಣು ಗಂಡನಿಂದ ಅಗಲುತ್ತಾಳೆ, ಕಳ್ಳನ ಕೈಗೆ ಸಿಗುತ್ತಾಳೆ, ಅವನನ್ನು ಉಪಾಯದಿಂದ ಮರುಳುಮಾಡಿ ಪಾರಾಗುತ್ತಾಳೆ, ಗಂಡುವೇಷ ತೊಟ್ಟು ಅಲೆಯುತ್ತಾಳೆ, ಕೊನೆಗೆ ಗಂಡನನ್ನು ಕೂಡುತ್ತಾಳೆ. ಕೂಡುತ್ತಾಳೆಂಬುದು ಟಿಕೆಟ್ ಕೊಳ್ಳುವಾಗಲೇ ಎಲ್ಲರಿಗೂ ಗೊತ್ತು. ಆದರೆ ಇವತ್ತು ಕಳ್ಳ ಏನು ಮಾತಾಡುತ್ತಾನೆ ಎಂಬುದು ಯಾರಿಗೂ ಗೊತ್ತಿಲ್ಲ! ಕಥೆ ಖಚಿತವಾಗಿದ್ದರೆ ನಟನಿಗೆ ಬಿಡುವು ಸಿಗುತ್ತದೆ. ಅಂದಿನ ಊರಿನ ಸುದ್ದಿ, ಎದುರಿಗೆ ಕುಳಿತ ಸಾಹುಕಾರನ ಜಿಪುಣತನ, ಮಳೆ ಬೆಳೆ ಎಲ್ಲವೂ ಮಾತಿನೊಳಗೆ ಬರಲು ಸಾಧ್ಯವಾಗುತ್ತದೆ. ರಾಗ ಗೊತ್ತಿದ್ದವರಿಗೇ ಆಲಾಪನೆಯ ಸೊಗಸು ತಿಳಿಯುವುದು. ಜನಪ್ರಿಯ ಪ್ರೇಮಹಾಸ್ಯದ ಮೊದಲ ಗುಣ ಇದು: ‘ಮುಂದೇನು’ ಎಂಬ ಆತಂಕವನ್ನು ತೆಗೆದುಹಾಕಿ ‘ಹೇಗೆ’ ಎಂಬ ಕುತೂಹಲವನ್ನು ಉಳಿಸುತ್ತದೆ.

ಎರಡನೆಯ ಗುಣ, ಅದು ಮನೆಮಂದಿಯನ್ನೆಲ್ಲ ಒಟ್ಟಿಗೆ ಕೂರಿಸುತ್ತದೆ. ಅಜ್ಜಿಗೆ ಹಾಡು, ಹುಡುಗರಿಗೆ ಹಾಸ್ಯ, ಹರೆಯದವರಿಗೆ ಪ್ರೇಮ, ಗೃಹಿಣಿಗೆ ಅತ್ತೆ ಸೊಸೆಯರ ಮಾತು. ಹಬ್ಬಕ್ಕೆಂದು ಬೆಂಗಳೂರಿನಿಂದ ಬಂದ ಮಗ, ಗಂಡನ ಮನೆಯಿಂದ ಬಂದ ಮಗಳು, ಎಲ್ಲರೂ ಒಂದೇ ಚಾಪೆಯ ಮೇಲೆ ಕುಳಿತು ಒಂದೇ ಮಾತಿಗೆ ನಗುವುದು ವರ್ಷದಲ್ಲಿ ಎಷ್ಟು ಸಲ? ಊರು ಬಿಟ್ಟವರಲ್ಲಿ ಉಳಿದಿರುವ ಹಳಹಳಿಕೆಗೂ ಅದು ದನಿ ಕೊಡುತ್ತದೆ. ಅಮೆರಿಕದ ನಾಯಕಿ ಹುಟ್ಟೂರಿಗೆ ಮರಳುವುದೂ, ದಾವಣಗೆರೆಯ ಕೆ.ಬಿ.ಆರ್. ಡ್ರಾಮಾ ಕಂಪನಿಯಲ್ಲಿ ಚಿಂದೋಡಿ ಲೀಲಾ ಅವರಿಗೆ ಅಪಾರ ಕೀರ್ತಿ ತಂದ ನಾಟಕದ ಹೆಸರು ‘ಹಳ್ಳಿ ಹುಡುಗಿ’ ಎಂದಿದ್ದುದೂ ಬರೀ ಆಕಸ್ಮಿಕವಲ್ಲ. ಪೇಟೆಯ ಮುಂದೆ ಸದಾ ಸೋಲುವ ಹಳ್ಳಿ, ರಂಗದ ಮೇಲಾದರೂ ಗೆಲ್ಲಲಿ ಎಂಬ ಆಸೆ ಎರಡೂ ಕಡೆ ಇದೆ.

ಮೂರನೆಯದು, ಅದೊಂದು ಪಾಠಶಾಲೆ. ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಇವರೆಲ್ಲ ಗುಬ್ಬಿ ಕಂಪನಿಯ ಅನ್ನ ಉಂಡವರು. ಆಧುನಿಕ ರಂಗಭೂಮಿಯ ಬಿ.ವಿ. ಕಾರಂತರೂ ಬಾಲಕರಾಗಿ ಅಲ್ಲಿದ್ದವರೇ. ದಿನವೂ ಅದೇ ಪಾತ್ರವನ್ನು ಹೊಸದೆಂಬಂತೆ ಆಡಬೇಕಾದವನಿಗೆ ಬರುವ ಪಳಗಿದ ಕೈ ಬೇರೆಲ್ಲಿ ಬಂದೀತು?

ಇನ್ನು ದೋಷಗಳು. ಅವೂ ಚಿಕ್ಕವಲ್ಲ.

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯಿದೆ. ಜನಪ್ರಿಯ ಪ್ರೇಮಹಾಸ್ಯದಲ್ಲಿ ಬಿಡಬೇಕಾದ ಹುಚ್ಚು ಯಾರದು? ಹೆಚ್ಚಾಗಿ ಹೆಣ್ಣಿನದು. ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ಕಂಪನಿ ನಾಟಕವಾಗಿ ಜನಮನ ಗೆದ್ದು, 1974ರಲ್ಲಿ ರಾಜಕುಮಾರ್, ಮಂಜುಳಾ ಜೋಡಿಯ ಚಲನಚಿತ್ರವಾಯಿತು. ಅದರ ಜೀವಾಳ, ಸಿರಿವಂತರ ಮನೆಯ ಸೊಕ್ಕಿನ ಹುಡುಗಿಯನ್ನು ಬಡ ಯುವಕ ದಾರಿಗೆ ತರುವುದು. 1989ರ ‘ನಂಜುಂಡಿ ಕಲ್ಯಾಣ’ದ ಮೂಲ ಪರ್ವತವಾಣಿಯವರ ‘ಬಹದ್ದೂರ್ ಗಂಡ’. ಅದರ ಬೇರು ಷೇಕ್ಸ್‌ಪಿಯರನ ‘ದಿ ಟೇಮಿಂಗ್ ಆಫ್ ದಿ ಶ್ರೂ’ನಲ್ಲಿದೆ. ಈ ಕಥೆಗಳಲ್ಲಿ ಹಣದ ಸೊಕ್ಕು ಮುರಿಯುವುದನ್ನು ಕಂಡು ಬಡವ ಚಪ್ಪಾಳೆ ತಟ್ಟುತ್ತಾನೆ, ಅದು ನ್ಯಾಯವೇ. ಆದರೆ ಅದೇ ಏಟಿಗೆ ಹೆಣ್ಣಿನ ಸ್ವಂತ ಮಾತೂ ಮುರಿದುಹೋಗುತ್ತದೆ. ಕ್ರಿಸ್‌ಮಸ್ ಚಿತ್ರಗಳ ನಾಯಕಿಗೆ ಯಾರೂ ಬೈಯುವುದಿಲ್ಲ, ಹೊಡೆಯುವುದಿಲ್ಲ. ಅವಳು ನಗುನಗುತ್ತ ನಗರದ ಕೆಲಸ ಬಿಟ್ಟು ಊರಿನಲ್ಲಿ ಉಳಿಯುತ್ತಾಳೆ. ರೀತಿ ಮೃದು, ತೀರ್ಪು ಅದೇ. ಅವುಗಳ ಪಕ್ಕದಲ್ಲಿ ಹಳೆಯ ಸದಾರಮೆಯನ್ನು ನಿಲ್ಲಿಸಿ ನೋಡಬೇಕು. ಅವಳ ಕೊನೆಯೂ ಗಂಡನ ಮನೆಯೇ. ಆದರೆ ಅಲ್ಲಿಗೆ ಮುಟ್ಟುವವರೆಗೆ ಅವಳು ನಡೆದದ್ದು ಸ್ವಂತ ಬುದ್ಧಿಯ ಬಲದಿಂದ. ದೋಷ ಅಚ್ಚಿನದಲ್ಲ, ಅದಕ್ಕೆ ಹೊಯ್ಯುವ ಎರಕದ್ದು ಎಂಬುದಕ್ಕೆ ಇದೇ ಸಾಕ್ಷಿ.

ಎರಡನೆಯ ದೋಷ, ಯಾರನ್ನು ಕಥೆಯಿಂದ ಹೊರಗಿಡಲಾಗಿದೆ ಎಂಬುದರಲ್ಲಿದೆ. ಅಮೆರಿಕದ ಈ ಚಿತ್ರಗಳಲ್ಲಿ ಬಹುಕಾಲ ನಾಯಕ ನಾಯಕಿಯರು ಬಹುತೇಕ ಬಿಳಿಯರೇ. 2019ರ ಡಿಸೆಂಬರಿನಲ್ಲಿ ಇಬ್ಬರು ಹೆಂಗಸರ ಮದುವೆಯಿದ್ದ ಜಾಹೀರಾತನ್ನು ಹಾಲ್‌ಮಾರ್ಕ್ ವಾಹಿನಿ ಮೊದಲು ತೆಗೆದುಹಾಕಿತು. ಟೀಕೆ ಎದ್ದ ಮೇಲೆ ಕ್ಷಮೆ ಕೇಳಿ ನಿರ್ಧಾರ ಬದಲಿಸಿತು. ಆಮೇಲೆ ಕಥೆಗಳಲ್ಲೂ ಸ್ವಲ್ಪ ಸ್ವಲ್ಪವಾಗಿ ಬದಲಾವಣೆ ಕಂಡಿತು. ಇಲ್ಲಿಯ ನಾಟಕಗಳಲ್ಲಿ ಬಡವ–ಬಲ್ಲಿದರ ಪ್ರೇಮಕ್ಕೆ ಬರವಿಲ್ಲ. ಜಾತಿ ದಾಟಿದ ಪ್ರೇಮವನ್ನು ಹುಡುಕಲು ಮಾತ್ರ ಕಂದೀಲು ಬೇಕು. ಬಡತನ ಕೊನೆಯ ಅಂಕದಲ್ಲಿ ನೀಗುತ್ತದೆ, ಜಾತಿಯ ಮಾತೇ ಬರುವುದಿಲ್ಲ. ನಿಜವಾದ ಹಳ್ಳಿಯಲ್ಲಿ ಪ್ರೇಮಿಗಳ ಜೀವಕ್ಕೆ ಕುತ್ತು ತರುವುದು ಯಾವುದೆಂದು ಪತ್ರಿಕೆ ಓದುವವರಿಗೆಲ್ಲ ಗೊತ್ತು.

ಮೂರನೆಯದು, ಹಳ್ಳಿಯನ್ನು ಚಿತ್ರಪಟ ಮಾಡುವುದು. ಕ್ರಿಸ್‌ಮಸ್ ಚಿತ್ರದಲ್ಲಿ ಹೊರಗಿನ ಕಂಪನಿಯವನು ಊರಿನ ಆಸ್ತಿ ಕೊಳ್ಳಲು ಬಂದು, ನಾಯಕಿಯ ಪ್ರೇಮಕ್ಕೆ ಬಿದ್ದು, ಕರಾರು ಪತ್ರವನ್ನು ಹರಿದುಹಾಕುತ್ತಾನೆ. ಪಾವಗಡದಲ್ಲಿ ಕಂಪನಿಗಳು ನಿಜವಾಗಿಯೂ ಬಂದವು. ತಿರುಮಣಿಯ ಸುತ್ತಲ ಐದು ಹಳ್ಳಿಗಳ ಸುಮಾರು 13,000 ಎಕರೆ ಭೂಮಿ ಗುತ್ತಿಗೆಗೆ ಹೋಗಿ, 2,050 ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಪಾರ್ಕ್ ಆಯಿತು. 2018ರಲ್ಲಿ ಅದರ ಮೊದಲ ಹಂತ ಆರಂಭವಾಯಿತು. ಬರದ ನಾಡಿನಲ್ಲಿ ಭೂಮಿಯಿದ್ದವರಿಗೆ ವರ್ಷ ವರ್ಷ ಗುತ್ತಿಗೆ ಹಣ ಬಂತು. ಭೂಮಿಯಿಲ್ಲದೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರ ಕೆಲಸ ಹೋಯಿತು. ಇಲ್ಲಿ ಯಾರೂ ಪೂರ್ತಿ ಖಳನಾಯಕರಲ್ಲ, ಯಾರೂ ಕರಾರು ಪತ್ರ ಹರಿಯಲಿಲ್ಲ. ಗುತ್ತಿಗೆ ಹಣ ಬಂದ ಮನೆಯ ಹುಡುಗನೂ ಕೂಲಿ ಕಳೆದುಕೊಂಡ ಮನೆಯ ಹುಡುಗಿಯೂ ಒಂದೇ ಬಸ್ಸಿನಲ್ಲಿ ಕಾಲೇಜಿಗೆ ಹೋಗುವ ಕಥೆಯನ್ನು ಯಾವ ಕಂಪನಿಯಾದರೂ ಜಾತ್ರೆಗೆ ಕಟ್ಟಿದರೆ, ಅದರಲ್ಲಿ ಹಾಸ್ಯಕ್ಕೂ ಕೊರತೆಯಿರದು, ಕಣ್ಣೀರಿಗೂ ಕೊರತೆಯಿರದು.

ನಾಲ್ಕನೆಯ ದೋಷ ಅವಸರದ್ದು. ಎರಡು ವಾರದಲ್ಲಿ ಮುಗಿಯುವ ಚಿತ್ರದಲ್ಲಿ ಮಾತು ಸಪ್ಪೆಯಾಗುತ್ತದೆ. ಪಕ್ಕದ ಡೇರೆಯ ಜತೆ ಪೈಪೋಟಿಗೆ ಬಿದ್ದ ನಾಟಕದಲ್ಲಿ ಮಾತು ಅಶ್ಲೀಲವಾಗುತ್ತದೆ. ದ್ವಂದ್ವಾರ್ಥದ ಸಂಭಾಷಣೆಗೆ ಶಿಳ್ಳೆ ಬಿದ್ದ ದಿನ ಗಲ್ಲಾಪೆಟ್ಟಿಗೆ ತುಂಬುತ್ತದೆ, ಆದರೆ ಮರುದಿನ ಹೆಣ್ಣುಮಕ್ಕಳು ಬರುವುದಿಲ್ಲ. ಒಟ್ಟಿಗೆ ಕೂರಿಸುವುದೇ ತನ್ನ ದೊಡ್ಡ ಗುಣವಾಗಿದ್ದ ಕಲೆ ತನ್ನ ಬುಡಕ್ಕೆ ತಾನೇ ಕೊಡಲಿ ಹಾಕಿಕೊಂಡದ್ದು ಹೀಗೆ.

ಈ ಲೆಕ್ಕಾಚಾರ ಏಕೆ ಮುಖ್ಯ? 1994ರಲ್ಲಿ ಉದಯ ಟಿ.ವಿ. ಬಂದ ಮೇಲೆ ಮನರಂಜನೆ ಮನೆಯೊಳಗೇ ಬಂದು ಕುಳಿತಿತು. ಕಂಪನಿಗಳ ಪ್ರೇಮಹಾಸ್ಯ ಧಾರಾವಾಹಿಗಳಿಗೆ ವಲಸೆ ಹೋಯಿತು. ಸಿರಿವಂತ ನಾಯಕ, ಮಧ್ಯಮ ವರ್ಗದ ನಾಯಕಿ, ಜಗಳದಿಂದ ಹುಟ್ಟುವ ಪ್ರೀತಿ, ಹಬ್ಬಕ್ಕೊಂದು ವಿಶೇಷ ಸಂಚಿಕೆ, ಎಲ್ಲವೂ ಅದೇ ಅಚ್ಚು. ವ್ಯತ್ಯಾಸ ಒಂದೇ. ನಾಟಕಕ್ಕೆ ಮುಕ್ತಾಯವಿತ್ತು, ಬೆಳಗಾಗುವುದರೊಳಗೆ ಜೋಡಿಯನ್ನು ಕೂಡಿಸಿ ಮಂಗಳ ಹಾಡಲೇಬೇಕಿತ್ತು. ಧಾರಾವಾಹಿಗೆ ಬೆಳಗೇ ಆಗುವುದಿಲ್ಲ. ಮದುವೆಯ ನಂತರವೂ ಎಳೆಯಬೇಕಾದ್ದರಿಂದ ಒಳಸಂಚು ಮಾಡುವ ಇನ್ನೊಬ್ಬ ಹೆಣ್ಣು ಬೇಕಾಗುತ್ತಾಳೆ. 2020, 2021ರಲ್ಲಿ ಕೊರೊನಾದಿಂದ ಜಾತ್ರೆಗಳು ನಿಂತಾಗ ಧಾರಾವಾಹಿಗಳು ಸ್ವಲ್ಪ ಬಿಡುವಿನ ನಂತರ ಮುಂದುವರಿದವು. ಡೇರೆಯನ್ನೇ ನಂಬಿದ್ದ ಕಲಾವಿದರು ಮಾತ್ರ ಕೈಕಟ್ಟಿ ಕುಳಿತರು. ಕಂಪನಿ ನಾಟಕವನ್ನು ‘ಅದೇ ಹಳೇ ಕಥೆ’ ಎಂದು ತಳ್ಳಿಹಾಕುವವರು, ಆ ಜಾಗಕ್ಕೆ ಬಂದು ಕೂತಿರುವುದೂ ಹಳೆಯ ಕಥೆಯೇ ಎಂಬುದನ್ನು ಮರೆಯಬಾರದು. ಹೋದದ್ದು ಕಥೆಯಲ್ಲ, ಎದುರಿಗೆ ಕೂತವರ ಮುಖ ನೋಡಿ ಮಾತು ಬದಲಿಸುತ್ತಿದ್ದ ನಟ.

ಹಾಗಾದರೆ ಹಬ್ಬದ ಪ್ರೇಮಕಥೆಯಿಂದ ಏನನ್ನು ಕೇಳಬೇಕು? ಹೊಸ ಮುಕ್ತಾಯವನ್ನಲ್ಲ. ಹಬ್ಬದ ದಿನ ಹೋಳಿಗೆ ಬೇಕೆನ್ನುವವನಿಗೆ ಹಾಗಲಕಾಯಿ ಬಡಿಸಿ ಉಪದೇಶ ಮಾಡುವುದು ಕಲೆಯಲ್ಲ. ಆದರೆ ಹೋಳಿಗೆಯ ಹೂರಣ ಹಳಸಿರಬಾರದೆಂದು ಕೇಳುವ ಹಕ್ಕು ಉಣ್ಣುವವನಿಗಿದೆ. ನಾಯಕಿ ಗೆಲ್ಲುವುದು ಅವಳ ಬುದ್ಧಿಯಿಂದಲೇ ಎಂದು ಕೇಳಬಹುದು. ರಂಗದ ಮೇಲಿನ ಹಳ್ಳಿಯಲ್ಲಿ ಊರಿನ ಎಲ್ಲ ಕೇರಿಗಳೂ ಇರಲಿ ಎನ್ನಬಹುದು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ‘ಸದಾರಮೆ’ಯನ್ನು ಮತ್ತೆ ರಂಗಕ್ಕೆ ತಂದಾಗ ಹೊಸ ಕಾಲದ ಪ್ರೇಕ್ಷಕರೂ ನಕ್ಕರು. ಹಳೆಯ ಅಚ್ಚು ಸವೆದಿಲ್ಲ. ಮುಂದಿನ ಜಾತ್ರೆಯಲ್ಲಿ ಡೇರೆಯ ಮುಂದೆ ಟಿಕೆಟಿಗೆ ನಿಲ್ಲುವವರು ಹೆಂಗಸರು ಮಕ್ಕಳೊಂದಿಗೆ ಬಂದು, ಒಳಗೆ ನಡೆಯುವುದನ್ನು ನೋಡಿ, ಮೆಚ್ಚಿದ್ದನ್ನು ಚಪ್ಪಾಳೆಯಿಂದಲೂ ಮೆಚ್ಚದ್ದನ್ನು ಮೌನದಿಂದಲೂ ತಿಳಿಸಿದರೆ ಸಾಕು. ಕಳ್ಳನ ಪಾತ್ರಧಾರಿಗೆ ಅದು ಕೂಡಲೇ ಅರ್ಥವಾಗುತ್ತದೆ. ಟೆಲಿವಿಷನ್ನಿನ ಗಾಜಿಗೆ ಆ ಕಿವಿಯಿಲ್ಲ.